ಗಟ್ಟಿಯಾಗಿರುವ ದರ್ಜಿಗೆ ಊರೆಲ್ಲ ವಂತಿಗೆ

ಸಾರ್ವಜನಿಕ ವಂತಿಗೆಗೆ ಪರವಾನಗಿ ಕೊಡುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಾನು ಸಾಯುತ್ತಿಲ್ಲ. ಇದನ್ನು ಬಹಿರಂಗವಾಗಿ ಬರೆದು ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಯ ಗೇಟು, ಎಲ್ಲೆಲ್ಲೂ ಕೆಲವರು ನನ್ನ ಫೋಟೊ ಅಂಟಿಸಿದ ಡಬ್ಬಿ ಕುಲುಕುತ್ತಾ 'ಈ ಬಡ ದರ್ಜಿಯ ಪ್ರಾಣ ಉಳಿಸಿ' ಎಂದು ಬೇಡುತ್ತಿದ್ದಾರೆ. ಅವರು ಯಾರೋ ನನಗೆ ಗೊತ್ತಿಲ್ಲ. ಆ ಡಬ್ಬಿಯ ಬಿಡಿಗಾಸನ್ನೂ ನಾನು ಕಂಡಿಲ್ಲ.

ಫೋಟೊದ ಕಥೆ ಇಷ್ಟೇ. ಹೋದ ವರ್ಷ ದವಡೆ ಹಲ್ಲು ಕೀಳಿಸಿಕೊಂಡು ಬಂದು, ಊದಿದ ಕೆನ್ನೆಗೆ ಹೆಂಡತಿಯ ಶಾಲು ಕಟ್ಟಿಕೊಂಡು ಮಲಗಿದ್ದೆ. ನನ್ನ ಭಾಮೈದ ಅದನ್ನು ಫೋನಿನಲ್ಲಿ ಹಿಡಿದು, ನೆಂಟರಿಷ್ಟರೆಲ್ಲ ನಗಲಿ ಎಂದು ಹರಿಯಬಿಟ್ಟ. ನೆಂಟರು ನಕ್ಕರು. ಯಾರೋ ಪುಣ್ಯಾತ್ಮರು ಅದರಲ್ಲಿ ಬಂಡವಾಳ ಕಂಡರು. ಹಲ್ಲು ಹೋಯಿತು, ನೋವೂ ಹೋಯಿತು, ಆ ಮುಖ ಮಾತ್ರ ಇನ್ನೂ ದುಡಿಯುತ್ತಿದೆ.

ಒಂದು ದಿನ ಬಸ್ ನಿಲ್ದಾಣದಲ್ಲಿ ಆ ಡಬ್ಬಿ ನನ್ನ ಮೂಗಿನ ಕೆಳಗೇ ಬಂತು. "ಇದು ನಾನೇ ಕಣಪ್ಪ" ಎಂದೆ. ಡಬ್ಬಿಯವನು ಫೋಟೊವನ್ನೂ ನನ್ನನ್ನೂ ನಿಧಾನವಾಗಿ ನೋಡಿದ. "ಹೌದಣ್ಣ, ಹೋಲಿಕೆ ಇದೆ. ನಿಮ್ಮ ತಮ್ಮನಾ? ಒಡಹುಟ್ಟಿದವರೇ ಕೈಬಿಟ್ರೆ ಹೇಗೆ ಹೇಳಿ" ಎಂದ. ಸುತ್ತ ನಿಂತವರೆಲ್ಲ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಮಾನ್ಯರೇ, ನನ್ನ ಚಿಕಿತ್ಸೆಗೆ ನಾನೇ ಒಂದು ನೋಟು ಹಾಕಿ ಬಸ್ಸು ಹತ್ತಿದೆ.

ನಗಬೇಡಿ. ಅಂಗಡಿಯೇ ನನ್ನ ಹೊಟ್ಟೆಪಾಡು. ಇವತ್ತೋ ನಾಳೆಯೋ ಎನ್ನುವವನಿಗೆ ಯಾರು ಬಟ್ಟೆ ಕೊಟ್ಟಾರು? ಹೊಲಿಯಲು ಕೊಟ್ಟವರು ಒಬ್ಬೊಬ್ಬರಾಗಿ ಬಂದು, ಕೈಗೆ ಹಣ್ಣು ಇಟ್ಟು, ಕತ್ತರಿ ಹಾಕದ ಬಟ್ಟೆಯನ್ನು ವಾಪಸ್ ಒಯ್ಯುತ್ತಿದ್ದಾರೆ. "ನೀವು ಆರಾಮ ತಗೊಳ್ಳಿ ಮಾಸ್ಟರೇ, ಮಗಳ ಮದುವೆ ಹತ್ರ ಬಂತು, ರಿಸ್ಕ್ ಬೇಡ" ಎಂದರು ಒಬ್ಬ ತಾಯಿ. ನನ್ನ ಹೆಂಡತಿಯೂ ಈಗ "ಒಂದ್ಸಲ ಡಾಕ್ಟರಿಗೆ ತೋರಿಸಿಬಿಡ್ರೀ, ಊರೆಲ್ಲ ಸುಳ್ಳು ಹೇಳತ್ತಾ?" ಎನ್ನುತ್ತಾಳೆ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಕನ್ನಡಿ ನೋಡುವಾಗ ನನಗೂ ಸಣ್ಣಗೆ ಭಯವಾಗುತ್ತದೆ.

ತಮ್ಮ ಕಚೇರಿಗೂ ಬಂದಿದ್ದೆ. "ಕಾಯಿಲೆ ಇಲ್ಲ ಅಂತ ಆಸ್ಪತ್ರೆಯಿಂದ ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ" ಎಂದರು ಕೌಂಟರಿನ ಗುಮಾಸ್ತರು. ನನಗೆ ಕಾಯಿಲೆ ತರಿಸಿದವರ ಬಳಿ ತಾವು ಯಾವ ಸರ್ಟಿಫಿಕೇಟ್ ಕೇಳಿದಿರಿ? ಡಬ್ಬಿಗೆ ಕಚೇರಿಯ ಮೊಹರು, ಹಿಡಿದವನ ಕೊರಳಿಗೆ ಗುರುತಿನ ಚೀಟಿ, ಅನುಮಾನ ಬಂದವರು ವಿಚಾರಿಸಲು ಒಂದು ಫೋನ್ ನಂಬರು. ಇಷ್ಟಕ್ಕೆ ಗುಡ್ಡ ಕಡಿಯಬೇಕೇ? ನಾಳೆ ನಾನು ನಿಜವಾಗಿಯೂ ಹಾಸಿಗೆ ಹಿಡಿದರೆ ಯಾರ ಮುಂದೆ ಕೈಚಾಚಲಿ? ನನ್ನ ಪಾಲಿನ ಕನಿಕರವನ್ನು ಊರಿನವರು ಆಗಲೇ ಆ ಕಳ್ಳರಿಗೆ ಕೊಟ್ಟು ಮುಗಿಸಿದ್ದಾರೆ.

ಆದ್ದರಿಂದ ಆ ಡಬ್ಬಿಗಳನ್ನು ಈ ವಾರವೇ ವಶಪಡಿಸಿಕೊಳ್ಳಬೇಕು. ಅದಕ್ಕೂ ಮೊದಲು ಇನ್ನೊಂದು ಕೆಲಸವಾಗಬೇಕು. ನಿನ್ನೆ ತಮ್ಮ ಕಾರಿನ ಚಾಲಕ ನನ್ನ ಅಂಗಡಿಗೆ ಬಂದು, ಒಂದು ಚಿಪ್ಪು ಬಾಳೆಹಣ್ಣು ಇಟ್ಟು, "ವಿಷಯ ಕೇಳಿ ಸಾಹೇಬರು ತುಂಬಾ ನೊಂದ್ಕೊಂಡ್ರು" ಎಂದು ಹೇಳಿ, ತಮ್ಮ ಕೋಟಿನ ಬಟ್ಟೆಯನ್ನು ವಾಪಸ್ ಒಯ್ದಿದ್ದಾನೆ. ದಯವಿಟ್ಟು ಅದನ್ನು ಹಿಂದಕ್ಕೆ ಕಳಿಸಿ. ತಾವು ನಂಬಿದರೆ ಊರೂ ನಂಬುತ್ತದೆ.

ಇಂತಿ,
ತಮ್ಮ ಸೊಂಟದ ಅಳತೆ ಇನ್ನೂ ನೆನಪಿರುವ,
ಗಟ್ಟಿಮುಟ್ಟಾದ ದರ್ಜಿ