ಸುಣ್ಣಕಟ್ಟಿದ ಹವಳ

ಮಂಡಪಂ
೧೮ ಆಗಸ್ಟ್ ೨೦೨೪

ಶಾಗ್ಯದ ಬಸವೇಶ ಬಾವನಿಗೆ, ಸಿಟ್ಟು ಇನ್ನೂ ಪೂರ್ತಿ ಇಳಿಯದ ದಿವ್ಯಳ ನಮಸ್ಕಾರ.

ಮೊದಲು ಕೆಲಸದ ಮಾತು. ಈ ಕಾಗದ ಸಿಕ್ಕ ತಕ್ಷಣ ರೇಷ್ಮೆ ಹುಳುವಿನ ಮನೆಗೆ ಹೋಗಿ, ಬೆಳ್ಳಗಾಗಿ ಗಟ್ಟಿಯಾದ ಹುಳುಗಳನ್ನೆಲ್ಲ ಆರಿಸಿ ತೆಗೆದು ಸುಟ್ಟುಹಾಕು. ಮುಂದಿನದನ್ನು ಆಮೇಲೆ ಓದಿದರಾಯಿತು.

ಅತ್ತೆ ನಿನ್ನೆ ಫೋನ್ ಮಾಡಿದ್ದರು. ಸೊಸೆಗೆ ಫೋನ್ ಮಾಡಿದ್ದು ಮಗನಿಗೆ ಗೊತ್ತಾಗಬಾರದು ಅಂತ ಹಿತ್ತಿಲಿನಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. "ಸುಣ್ಣಕಟ್ಟಿದ್ ಹುಳನ ಎಸೀತಾನೇ ಇಲ್ಲ ಕಣವ್ವ. ಜೀವ ಇದ್ರೆ ಏನ್ ಮಾಡೀಯೆ ಅಂತ ನನ್ನೇ ಕೇಳ್ತಾನೆ. ತಟ್ಟೆ ಮುಂದೆ ಕೂತ್ಕಂಡು ನೋಡ್ತಾನೆ ಇರ್ತಾನೆ" ಅಂದರು. ಹೋದ ಬೆಳೆಯಲ್ಲಿ ಒಂದು ಗೂಡೂ ಕೊಳ್ಳೇಗಾಲದ ಮಾರುಕಟ್ಟೆ ಮುಟ್ಟಲಿಲ್ಲವಂತೆ. ಈ ಸಲ ಯಳಂದೂರಿನಿಂದ ತಂದ ಮರಿಗಳು ಮೂರನೇ ಜ್ವರ ಕಳೆದು ಪೊರೆ ಬಿಟ್ಟಿವೆ, ಮೂಲೆಯ ತಟ್ಟೆಯಲ್ಲಿ ಆಗಲೇ ಬಿಳುಪು ಕಂಡಿದೆ ಅಂತ ಹೇಳಿ ಅತ್ತುಬಿಟ್ಟರು. ಈ ಬೆಳೆಯೂ ಹೋದರೆ ನೀನು ಹುಳುವಿನ ಮನೆಗೇ ಬೀಗ ಹಾಕುತ್ತೀಯಂತೆ. ಅಪ್ಪನ ಕಾಲದ ಕಸುಬನ್ನು ಬಿಟ್ಟು ನೀನು ಮತ್ತೇನು ಮಾಡಬಲ್ಲೆ ಬಾವ? ನಿನಗೆ ಇನ್ನೊಂದು ಕೆಲಸ ಬರುವುದಿಲ್ಲ, ಮಾತೂ ಬರುವುದಿಲ್ಲ.

ಇದೆಲ್ಲ ಎಲ್ಲಿಂದ ಶುರುವಾಯಿತು ಅಂತ ಅತ್ತೆಗೆ ಗೊತ್ತಿಲ್ಲ. ನನಗೆ ಗೊತ್ತು.

ಮೇ ತಿಂಗಳಲ್ಲಿ ನೀನು ಹನೂರು, ಕೊಳ್ಳೇಗಾಲ, ಮಧುರೆ ಅಂತ ಬಸ್ಸು ಬದಲಾಯಿಸಿಕೊಂಡು ರಾಗಿಹಿಟ್ಟಿನ ಚೀಲ ಹೊತ್ತು ಇಲ್ಲಿಯ ಹವಳ ಬೆಳೆಸುವ ಕೇಂದ್ರಕ್ಕೆ ಬಂದೆ. ನನ್ನನ್ನು ಊರಿಗೆ ಕರೆದುಕೊಂಡು ಹೋಗಲು ಬಂದವನು ವಾರವಾದರೂ ಆ ಮಾತು ಎತ್ತಲಿಲ್ಲ. ಸುಮ್ಮನೆ ಕೂರುವ ಜಾಯಮಾನ ನಿನ್ನದಲ್ಲವಲ್ಲ, ನಾವು ದೋಣಿಯಲ್ಲಿ ಹೋದ ಮೇಲೆ ದಡದ ತೊಟ್ಟಿಯ ಮುಂದೆ ಕೂತು, ಹವಳಕ್ಕೆ ಹತ್ತಿದ ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಎಷ್ಟು ಚೊಕ್ಕವಾಗಿ ಉಜ್ಜುತ್ತಿದ್ದೆ ಎಂದರೆ ನನಗೆ ಒಳಗೊಳಗೇ ಹೆಮ್ಮೆ.

ಆ ತೊಟ್ಟಿಯಲ್ಲಿದ್ದವು ತಾಯಿ ಹವಳಗಳು. ಹಿಂದೊಂದು ವರ್ಷ ಸಮುದ್ರ ಕಾದು ಸುತ್ತಲಿನ ಹವಳದ ದಿಬ್ಬವೆಲ್ಲ ಸತ್ತಾಗಲೂ ಉಳಿದುಕೊಂಡವು. ಅವುಗಳಿಂದ ಬೆರಳುದ್ದದ ಚೂರು ಕತ್ತರಿಸಿ, ನೀರಿನಡಿಯ ನರ್ಸರಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಬೆಳೆಸಿ, ಆಮೇಲೆ ಸತ್ತ ದಿಬ್ಬದ ಮೇಲೆ ನೆಡುವುದು ನಮ್ಮ ಕೆಲಸ. ಈ ಬೇಸಿಗೆಯಲ್ಲಿ ಸಮುದ್ರ ಮತ್ತೆ ಸ್ನಾನದ ನೀರಿನ ಹಾಗಾಯಿತು. ತೊಟ್ಟಿಯ ಹವಳಗಳೂ ಒಂದೊಂದಾಗಿ ಬೆಳ್ಳಗಾಗತೊಡಗಿದವು. ನೀನು ನೋಡಿದೆ, ಹುಳುವಿಗೆ ಬರುವ ಸುಣ್ಣಕಟ್ಟು ರೋಗವೇ ಅಂದುಕೊಂಡೆ. ಬೆಳ್ಳಗಾದವನ್ನು ಆರಿಸಿ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದೆ. ತೊಟ್ಟಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಬಣ್ಣ ಇದ್ದವನ್ನು ತಿರುಗಿ ಅದರಲ್ಲೇ ಇಟ್ಟೆ. ನಾವು ದೋಣಿ ಇಳಿಯುವಾಗ ತೋಳು ಮಡಚಿಕೊಂಡು ನಿಂತಿದ್ದೆ. ಶಹಭಾಸ್ ಅನ್ನುತ್ತೇನೆ ಅಂತ ನನ್ನ ಮುಖವನ್ನೇ ನೋಡುತ್ತಿದ್ದೆ. ಆ ಹೊತ್ತಿಗೆ ಪೌಡರಿನ ವಿಷಕ್ಕೆ ಬಣ್ಣದವೂ ಸತ್ತಿದ್ದವು.

ಹವಳ ಬಿಳಿಚಿದ ಮಾತ್ರಕ್ಕೆ ಸತ್ತಿತು ಅಂತಲ್ಲ ಬಾವ. ಅದು ಹುಳುವಿನ ಹಾಗೇ ಒಂದು ಜೀವ. ಮೈಯೊಳಗೇ ಇದ್ದು ಬಣ್ಣವನ್ನೂ ಅನ್ನವನ್ನೂ ಕೊಡುವ ಕಣ್ಣಿಗೆ ಕಾಣದ ಪಾಚಿ, ಬಿಸಿ ತಡೆಯದೆ ಹೊರಬಿದ್ದಿರುತ್ತದೆ. ಹವಳ ಉಪವಾಸ ಬಿದ್ದಿರುತ್ತದೆ, ಅಷ್ಟೆ. ಬೇಗ ನೀರು ತಣ್ಣಗಾದರೆ ಕೆಲವು ಚೇತರಿಸಿಕೊಳ್ಳುತ್ತವೆ. ಇದನ್ನು ನಾನು ನಿನಗೆ ಸಮಾಧಾನವಾಗಿ ಹೇಳಲಿಲ್ಲ. ಹುಳ ಸಾಕುವವನಿಗೆ ಏನು ತಿಳಿಯುತ್ತದೆ ಅಂತ ಎಲ್ಲರೆದುರು ಕೂಗಾಡಿದೆ. ಬೆಳಿಗ್ಗೆ ಎದ್ದರೆ ನೀನಿರಲಿಲ್ಲ. ಅವತ್ತಿನಿಂದ ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಆದರೆ ನೀನು ಮಾಡಿದ್ದು ನಿನ್ನ ಮನೆಯಲ್ಲಿ ಸರಿಯಾದ ಕೆಲಸ. ಹುಳ ಸುಣ್ಣಕಟ್ಟಿತು ಎಂದರೆ ಸತ್ತೇ ಹೋಗಿದೆ, ಪಕ್ಕದ್ದನ್ನೂ ಕೊಲ್ಲುತ್ತದೆ. ಅಲ್ಲಿ ಕಾಯುತ್ತ ಕೂರುವುದು ದಯೆಯಲ್ಲ. ಅವತ್ತು ನಿನ್ನ ಮನೆಯ ಪದ್ಧತಿಯನ್ನು ನನ್ನ ತೊಟ್ಟಿಗೆ ತಂದೆ, ಈಗ ನನ್ನ ತೊಟ್ಟಿಯದನ್ನು ನಿನ್ನ ಮನೆಗೆ ಹೊತ್ತುಕೊಂಡು ಹೋಗಿ ಕೂತಿದ್ದೀಯ. ಎಸೆಯುವುದನ್ನು ಎಸೆ. ನಿನ್ನ ಕೈ ಕೆಟ್ಟ ಕೈಯಲ್ಲ.

ಇಲ್ಲಿಯ ಸಮಾಚಾರ ಹೇಳುವಂಥದ್ದೇನಿಲ್ಲ. ನೀರಿನಡಿಯ ನರ್ಸರಿಯಲ್ಲೂ ಬಹುಪಾಲು ಹೋಯಿತು, ಅದರಲ್ಲಿ ನಿನ್ನ ಕೈವಾಡವಿಲ್ಲ. ಉಳಿದ ಚೂರುಗಳನ್ನು ಆಳಕ್ಕೆ ಇಳಿಸಿದ್ದಾರೆ, ಕೆಲವಕ್ಕೆ ಕಂದು ಬಣ್ಣ ಮರಳುತ್ತಿದೆ ಅಂತ ದೋಣಿಯ ಅಂತೋಣಿ ಹೇಳುತ್ತಾನೆ. ಮತ್ತೆ ಅವನ್ನೇ ಕತ್ತರಿಸಬೇಕು, ಕಟ್ಟಬೇಕು, ಉಜ್ಜಬೇಕು, ಮತ್ತೊಂದು ಬೇಸಿಗೆ ಬರುತ್ತದೆ. ಸಮುದ್ರವೇ ಕಾಯುವಾಗ ಈ ಚೂರುಪಾರು ಕಟ್ಟಿ ಏನು ಸುಖ ಅನ್ನಿಸುತ್ತದೆ. ಕಟ್ಟದೆ ಬಿಟ್ಟರೆ ಅದೂ ಇರುವುದಿಲ್ಲ ಅಂತಲೂ ಅನ್ನಿಸುತ್ತದೆ. ನನಗೆ ಸಾಕಾಗಿದೆ ಬಾವ, ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಗಿದೆ.

ಒಂದಾಗ್ತೀರೋ ಬುಡ್ತೀರೋ ಹೇಳ್ಬುಡಿ ಅಂತ ಅತ್ತೆ ಕೇಳಿದರು. ನಿನ್ನ ಮೇಲೆ ಸಿಟ್ಟಿದೆ, ನೀನಿಲ್ಲದೆ ಊಟ ಸೇರುವುದಿಲ್ಲ. ಎರಡೂ ನಿಜ.

ಇಂತಿ,
ನಿನ್ನ ಸೋದರಮಾವನ ಮಗಳು
ದಿವ್ಯ

ಮ.ಬ.: ಮರೆತು ಕೊನೆಗೆ ಬರೆಯುತ್ತಿಲ್ಲ, ಬೇಕೆಂದೇ ಬಚ್ಚಿಟ್ಟಿದ್ದೆ. ತೊಟ್ಟಿ ತೊಳೆದವಳು ನಾನೇ ಅಂತ ಕೇಂದ್ರದ ಮೇಡಂ ಹತ್ತಿರ ಹೇಳಿದೆ. ನಾನು ಕೂಗಾಡಿದ್ದು ಕನ್ನಡದಲ್ಲಿ, ಇಲ್ಲಿಯವರು ಅರ್ಥವಾಗದೆ ಗಂಡಹೆಂಡಿರ ಜಗಳ ಅಂದುಕೊಂಡರು. ಅವರ ಬಾಯಲ್ಲಿ ನಿನ್ನ ಹೆಸರು ಬರುವುದು ನನಗೆ ಬೇಡವಿತ್ತು. ಜೂನ್‌ನಲ್ಲೇ ನನ್ನನ್ನು ಕೆಲಸದಿಂದ ತೆಗೆದರು, ಅಂತೋಣಿಯ ತಾಯಿಯ ಮನೆಯಲ್ಲಿದ್ದೇನೆ. ಅಯ್ಯೋ ಪಾಪ ಅಂತ ಊರಿಗೆ ಕರೆಯಬೇಡ. ಹುಳಕ್ಕೆ ಸೊಪ್ಪು ಹಾಕಲು ಆಳಿಲ್ಲ ಅಂತಲೂ ಕರೆಯಬೇಡ. ನಾನೇ ಬೇಕು ಅನ್ನಿಸಿದರೆ, ಈ ಸಲ ಬಾಯಿ ಬಿಟ್ಟು ಕೇಳು.