ನಾಲ್ಕು ಯೂನಿಟ್ಟು

ಕೊಕ್ಕರೆ ಬೆಳ್ಳೂರು
೧೨–೨–೧೯೭೬

ಪ್ರೀತಿಯ ಸೋಮೂ,

ನೀನೂ ಕೂಸೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬಾಣಂತಿಗೆ ಕೋಪ ಒಳ್ಳೆಯದಲ್ಲ, ತವರಿನಿಂದ ಬಂದಮೇಲೆ ಒಟ್ಟಿಗೇ ಬೈದುಬಿಡು. ಬರೆಯಲು ಕೂತು ಎರಡು ಸಲ ಹಾಳೆ ಹರಿದುಹಾಕಿದೆ.

ಮೊದಲು ಇದನ್ನು ಓದಿಕೋ: ನಮ್ಮ ಹೊಂಬಾಳ ಚೆನ್ನಾಗಿದ್ದಾಳೆ. ನನ್ನ ಪಕ್ಕದಲ್ಲೇ ಕೂತು ಸ್ಲೇಟಿನ ಮೇಲೆ ಹುಣಸೆಮರ, ಅದರ ತುಂಬ ಕೊಕ್ಕರೆ ಬರೆಯುತ್ತಿದ್ದಾಳೆ. ಆದರೆ ಹೋದ ವಾರ ಐದು ದಿನ ನಾವು ಮಂಡ್ಯದ ಆಸ್ಪತ್ರೆಯಲ್ಲಿದ್ದೆವು.

ನೀನು ಮಳವಳ್ಳಿಗೆ ಹೊರಡುವ ಹೊತ್ತಿಗೆ ಅವಳ ಇನ್ಸುಲಿನ್ ಇಪ್ಪತ್ತರಿಂದ ನಾಲ್ಕು ಯೂನಿಟ್ಟಿಗೆ ಇಳಿದಿತ್ತಲ್ಲ, ಸಂತೋಷಕ್ಕೆ ನೀನು ಅತ್ತುಬಿಟ್ಟಿದ್ದೆ. ಆಗ ಡಾಕ್ಟರ್ ಸಂಪತ್ ಕುಮಾರ್ ಹೇಳಿದ್ದು ನೆನಪಿದೆಯೆ? "ಸಕ್ಕರೆ ಕಾಯಿಲೆ ಹೋಗಿಲ್ಲ ಮೇಷ್ಟ್ರೇ. ಇನ್ಸುಲಿನ್ ಮಾಡೋ ಜೀವಕಣಗಳು ಕೆಲವು ಇನ್ನೂ ಉಳ್ಕೊಂಡಿವೆ. ಈ ನಾಲ್ಕು ಯೂನಿಟ್ಟು ಅವಕ್ಕೆ ಕಾವಲು. ನಿಲ್ಲಿಸಬೇಡಿ. ಸತ್ತರೆ ಮತ್ತೆ ಹುಟ್ಟೋಲ್ಲ."

ಹೀಗಿರುವಾಗ ಅವ್ವ ಕುದಿಸಲು ಹೋಗಿ ಗಾಜಿನ ಸಿರಿಂಜು ಕೈಜಾರಿ ಒಡೆಯಿತು. ಮದ್ದೂರಿನಲ್ಲಿ ಬೇರೆಯದು ಸಿಗಲಿಲ್ಲ. ಎಂಟು ದಿನ ಸೂಜಿ ತಪ್ಪಿತು. ಅವ್ವನನ್ನು ಏನೂ ಅನ್ನಬೇಡ, ವಯಸ್ಸಾದ ಜೀವ.

ಒಂಬತ್ತನೆಯ ದಿನ ಹೊಂಬಾಳ ಶಾಲೆಯ ನೀರಿನ ಕೊಡದ ಬಳಿಯಿಂದ ಏಳಲೇ ಇಲ್ಲ. ಒಂದು ಚೊಂಬು, ಇನ್ನೊಂದು, ಮತ್ತೊಂದು. ಮಧ್ಯಾಹ್ನಕ್ಕೆ ವಾಂತಿ. ಉಸಿರು ಜೋರಾಯಿತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ತುಂಬ ಹೆದರಿದೆ ಸೋಮೂ. ಪುಟ್ಟಮಾದಯ್ಯನ ಬೆಲ್ಲದ ಲಾರಿ ನಿಲ್ಲಿಸಿ, ಮೂಟೆಗಳ ಮೇಲೆ ಅವಳನ್ನು ಮಲಗಿಸಿಕೊಂಡು ಹೋದೆ. "ಎದ್ರುಕೋಬ್ಯಾಡಿ ಮೇಷ್ಟ್ರೆ, ಕೂಸು ಉಸ್ರಾಡ್ತಾ ಅದೆ" ಎಂದು ಅವನು ದಾರಿಯುದ್ದಕ್ಕೂ ಕೂಗುತ್ತಿದ್ದ. ಹಿಂದೆ ಕೂತ ನನ್ನನ್ನೇ ನೋಡದೆ ಅವನಿಗೆ ಅದು ಹೇಗೆ ಗೊತ್ತು? ನಾನು ಅವಳ ಮೂಗಿನ ಬಳಿ ಕೈಯಿಟ್ಟುಕೊಂಡೇ ಇದ್ದೆ.

ಈಗ ಇಪ್ಪತ್ತನಾಲ್ಕು ಯೂನಿಟ್ಟು. ಉಳಿದಿದ್ದ ಕಣಗಳು ಇವೆಯೆ ಎಂದು ಕೇಳಿದೆ. ಡಾಕ್ಟರು ಕನ್ನಡಕ ಒರೆಸಿಕೊಂಡರು. "ಎರಡು ತಿಂಗಳು ನೋಡೋಣ. ಡೋಸು ಇಳಿದರೆ ಇವೆ. ಹೇಗಿದ್ದರೂ ಒಂದು ದಿನ ಹೋಗ್ತಿದ್ವು ಅನ್ನಿ. ಅಲ್ಲೀವರೆಗೆ ಮಗೂಗೆ ಸಲೀಸಾಗಿರ್ತಿತ್ತು."

ದಿನಾ ಬೆಳಿಗ್ಗೆ ಅವಳ ಮೂತ್ರದ ಎಂಟು ತೊಟ್ಟು ನೀಲಿ ಔಷಧಿಗೆ ಹಾಕಿ ಕುದಿಸುತ್ತೇನೆ. ನೀಲಿಯಾಗೇ ಉಳಿ, ಉಳಿ ಎಂದು ಬೇಡಿಕೊಳ್ಳುತ್ತೇನೆ. ಇವತ್ತೂ ಸಕ್ಕರೆ ಇದೆಯೆಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅವಳು ಚೊಂಬಿಗೆ ಕೈಹಾಕಿದರೆ ಸಾಕು, ಎಷ್ಟನೆಯದೆಂದು ಎಣಿಸುತ್ತೇನೆ.

ತಲೆಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗಿರು. ಅತ್ತೆ ಮಾವನಿಗೆ ನಮಸ್ಕಾರ. ಕೂಸಿಗೆ ನನ್ನ ಮುತ್ತು. ನೀವಿಬ್ಬರೂ ನೂರು ವರ್ಷ ಬಾಳಿ. ದೇವರು ಕಾಯಲಿ ಎಂದು ಬರೆಯಲು ಈ ಸಲ ಪೆನ್ನು ಏಳುತ್ತಿಲ್ಲ.

ಇಂತಿ ನಿನ್ನ
ಮರಿಸಿದ್ದಯ್ಯ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ಅವ್ವ ಸಿರಿಂಜು ಒಡೆಯಲಿಲ್ಲ. ಔಷಧಿ ವಾರಪೂರ್ತಿ ನೀಲಿಯಾಗೇ ಇದ್ದಾಗ, ವಾಸಿಯಾಯಿತೆಂದು ನಂಬಿ ನಾನೇ ಸೂಜಿ ನಿಲ್ಲಿಸಿದೆ. ಕಣ್ಣು ವಾಸಿಯಾದವರು ಬೆಳ್ಳಿಯ ಕಣ್ಣು ಒಪ್ಪಿಸುತ್ತಾರಲ್ಲ, ಹಾಗೆ ಮಗಳ ಕೈಯಿಂದಲೇ ಸಿರಿಂಜನ್ನು ವೈದ್ಯನಾಥಪುರದ ದೇವರ ಮುಂದೆ ಇಡಿಸಿ ಬಂದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು ನಾನು. "ಡಾಕ್ಟ್ರು ಬುಡಬ್ಯಾಡಿ ಅಂದವ್ರೆ, ಬುಡಬ್ಯಾಡ ಕಣ್ಲಾ" ಎಂದು ಅಡ್ಡ ನಿಂತವಳು ಅವ್ವ. ಆಸ್ಪತ್ರೆಯಲ್ಲಿ, "ನಾನೇ ಒಡೆದಾಕ್ದೆ ಅಂತ ಬರ್ದುಬುಡು. ಸೊಸೆ ಬೈದ್ರೆ ನನ್ನ ಬೈಲಿ" ಎಂದವಳೂ ಅವಳೇ. ನಾನು ಹಾಗೇ ಬರೆದೆ.

ನಿನ್ನೆ ಹೊಸ ಸಿರಿಂಜು ಕುದಿಸುತ್ತಿದ್ದೆ. ಹೊಂಬಾಳ ಬಂದು ನೋಡಿ ಕೇಳಿದಳು: "ದೇವ್ರು ಅದ್ನ ವಾಪಸ್ ಕೊಟ್ಬುಟ್ನಾ ಅಪ್ಪಾ? ನಾನೇನ್ ತಪ್ಪು ಮಾಡ್ದೆ?"