ಏಳನೇ ಪುಟದ ಆ ಸಾಲು

ದೊಡ್ಡಪ್ಪಾ, ಮಾಚೇನಹಳ್ಳಿಯಿಂದ ಮಂಗಳಾಳ ನಮಸ್ಕಾರ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲವೆಂದು ಈ ಕಾರ್ಡು.

ಇಲ್ಲಿನ ಒಂದು ಕಾರ್ಖಾನೆಯಲ್ಲಿ ಎರಡು ಕಬ್ಬಿಣದ ತೋಳುಗಳನ್ನು ಎರಡು ಪ್ರೋಗ್ರಾಂಗಳು ಏಕಕಾಲಕ್ಕೆ ಆಡಿಸುತ್ತವೆ. ಅವು ಎಂದಿಗೂ ಒಂದಕ್ಕೊಂದಾಗಲಿ, ನಡುವೆ ಇರುವುದಕ್ಕಾಗಲಿ ಬಡಿಯುವುದಿಲ್ಲ ಎಂದು ತರ್ಕದಿಂದ ಸಾಧಿಸಿದ್ದೇ ನನ್ನ ಪಿಎಚ್.ಡಿ. ಹೊಸ ಯಂತ್ರದ ತೋಳುಗಳ ನಡುವೆ ಮೊದಲ ದಿನ ಬೂದುಗುಂಬಳಕಾಯಿ ಇಡುವುದು, ಮರುದಿನ ಮನುಷ್ಯ ನಿಲ್ಲುವುದು ಇಲ್ಲಿಯ ರೂಢಿ. ಇವತ್ತು ಮುನ್ನೂರು ಸುತ್ತು ಓಡಿದರೂ ಕಾಯಿಗೆ ಒಂದು ಗೀರೂ ಬೀಳಲಿಲ್ಲ.

ನಾಳೆ ಹತ್ತಕ್ಕೆ ನಾನೇ ನಿಲ್ಲುತ್ತೇನೆಂದೆ. ಮೇಸ್ತ್ರಿ ಶಿವಮೂರ್ತಪ್ಪ ಬಿಡಲಿಲ್ಲ. "ನೀವ್ಯಾಕೆ ಮೇಡಂ? ನಿಮ್ಮ ಲೆಕ್ಕ ಇದೆಯಲ್ಲ, ನಾನೇ ನಿಂತ್ಕೊಳ್ತೀನಿ" ಎಂದು ನಕ್ಕರು.

ಆಗ ನೆನಪಾಯಿತು. ಒಂದು ತೋಳಿನ ಸಂದೇಶ ಇನ್ನೊಂದಕ್ಕೆ ತಡವಿಲ್ಲದೆ ಮುಟ್ಟುತ್ತದೆ ಎಂಬುದನ್ನು ನಾನು ಸಾಧಿಸಿಯೇ ಇಲ್ಲ. ತಡವಾದರೆ ನಡುವೆ ನಿಂತವರಿಗೆ ತೋಳು ಬಡಿಯಬಹುದು. ಪ್ರಬಂಧದ ಏಳನೇ ಪುಟದಲ್ಲಿ "ಇದು ಸ್ಪಷ್ಟ" ಎಂದು ಬರೆದು ಮುಂದೆ ಹೋಗಿದ್ದೇನೆ. ನಿಮ್ಮ ಗಣಿತದ ಕ್ಲಾಸಿನಲ್ಲಿ ಆ ಎರಡು ಪದಕ್ಕೆ ಸೊನ್ನೆ ಹಾಕುತ್ತಿದ್ದಿರಿ. ನನ್ನ ಗೈಡ್ ಗಮನಿಸಲೇ ಇಲ್ಲ.

ಮೇಸ್ತ್ರಿಯ ಮನೆ ನ್ಯೂ ಟೌನ್ ಬಡಾವಣೆಯಲ್ಲಿದೆ, ಹೇಳಲು ಈಗಲೇ ಹೊರಟಿದ್ದೇನೆ. ಬಸ್ಸು ಬಂತು. ಬಾಗಿಲನ್ನು ಅವರ ಹೆಂಡತಿ ತೆಗೆಯದಿರಲಿ.

ಮಂಗಳಾ